ಬೀಜ ಎತ್ತಿಡುವ ಬಗ್ಗೆ, ಜೊತೆಗೊಂದು ಕೋರಿಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಈ ಕೈತೋಟ, ಕೈಕೆಲಸದ ಗುಂಪಿನಲ್ಲೇ ಬೀಜ ಹಂಚಿಕೊಳ್ಳೋಣ ಅಂತ ಹಲವರು ಕೇಳಿದ್ದೀರಿ, ಆಗಲಿ. ಆದರೆ ಹೈಬ್ರಿಡ್ (ಎರಡು ಬೇರೆ ತಳಿ ಬೆರೆಸಿ ಪಡೆದ) ಗಿಡದ ಬೀಜ ಬೇಡ. ಅದರಿಂದ ಹುಟ್ಟುವ ಗಿಡ ತಾಯಿಗಿಡದ ಹಾಗೇ ಬರುತ್ತದೆ ಅನ್ನುವ ಭರವಸೆಯಿಲ್ಲ.

ಟೊಮೆಟೊ ಬೀಜದ ಸುತ್ತ ಲೋಳೆ ಇರುತ್ತದಲ್ಲ, ಅದು ಮೊಳಕೆಯನ್ನು ತಡೆಯುತ್ತದೆ. ಚೆನ್ನಾಗಿ ಕಳಿತ ಹಣ್ಣನ್ನು ಹಿಂಡಿ, ಸ್ವಲ್ಪ ನೀರು ಸೇರಿಸಿ 2–3 ದಿನ ಹುಳಿಯಲು ಬಿಡಿ. ವಾಸನೆ ಬರುತ್ತದೆ, ಮನೆಯವರು ಗೊಣಗುತ್ತಾರೆ, ಗೊಣಗಲಿ ಬಿಡಿ! ಗಟ್ಟಿ ಬೀಜ ತಳಕ್ಕಿಳಿಯುತ್ತದೆ. ತೇಲುವುದನ್ನು ಚೆಲ್ಲಿ, ಉಳಿದದ್ದನ್ನು ತೊಳೆದು ತಟ್ಟೆಯಲ್ಲಿ ಹರವಿ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹರವಿದರೆ ಅಂಟಿಕೊಂಡು, ಬಿಡಿಸುವುದೇ ತಲೆನೋವು. ಬೀನ್ಸ್ ಸುಲಭ: ಕಾಯಿ ಗಿಡದಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಅಷ್ಟೇ.

ಪೂರ್ತಿ ಒಣಗಿದ ಮೇಲೆ ಕಾಗದದ ಪೊಟ್ಟಣ ಕಟ್ಟಿ, ಹೆಸರು, ತಿಂಗಳು ಬರೆಯಿರಿ. ಚಿತ್ರ ಬಿಡಿಸಲು ಬರುವವರು ಪೊಟ್ಟಣದ ಮೇಲೂ ಕೈಚಳಕ ತೋರಿಸಬಹುದು.

ಇನ್ನು ಕೋರಿಕೆ: ಬುಟ್ಟಿ ಹೆಣೆಯುವವರು, ಕಸೂತಿ ಹಾಕುವವರು ಕೆಲಸ ಅರ್ಧಕ್ಕಿರುವಾಗಲೇ ಫೋಟೊ ಹಾಕಿ. ಮುಗಿದ ಮೇಲಿನ ಅಂದಕ್ಕಿಂತ ಎಳೆ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದೇ ಕಲಿಯುವವರಿಗೆ ಬೇಕಾದದ್ದು. ಗುಡ್ ಮಾರ್ನಿಂಗ್ ಚಿತ್ರಗಳು ಮಾತ್ರ ದಯವಿಟ್ಟು ಬೇಡ.