ಲಸಿಕೆ ಹಾಕುವ ದಿನವೇ ಮೊಬೈಲ್ ಬಗ್ಗೆಯೂ ಹೇಳಿ

ಮಾನ್ಯ ಸಂಪಾದಕರೇ,

ಎಳೆಯ ಮಕ್ಕಳ ಕೈಗೆ ಮೊಬೈಲ್ ಕೊಡಬಾರದೆಂಬ ಮಾತು ಈಗ ಮದುವೆ ಮನೆಯಿಂದ ಹಿಡಿದು ಶಾಲಾ ವಾರ್ಷಿಕೋತ್ಸವದ ವೇದಿಕೆಯವರೆಗೆ ಎಲ್ಲೆಡೆ ಕೇಳಿಬರುತ್ತಿದೆ. ಹೇಳುವವರು ಸಾಮಾನ್ಯವಾಗಿ ತಾಯಂದಿರನ್ನು ಉದ್ದೇಶಿಸಿಯೇ ಹೇಳುತ್ತಾರೆ. ತಾಯಂದಿರು ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಮರುದಿನ ಮಗುವಿಗೆ ಉಣ್ಣಿಸುವ ಹೊತ್ತಿಗೆ ಮೊಬೈಲ್ ಮತ್ತೆ ಹೊರಬರುತ್ತದೆ. ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ಕೆಲಸ ಮಾಡಿ ನಿವೃತ್ತಳಾದ ನಾನು, ಈ ಉಪದೇಶ ಏಕೆ ನಾಟುತ್ತಿಲ್ಲ, ಇದನ್ನು ಯಾರು ಯಾವಾಗ ಹೇಳಿದರೆ ಪ್ರಯೋಜನವಾದೀತು ಎಂಬ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತು ಹೇಳಬಯಸುತ್ತೇನೆ.

ಮಲೆನಾಡಿನ ಒಂಟಿ ಮನೆಗಳ ಸ್ಥಿತಿ ಪೇಟೆಯವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗದ್ದೆ, ತೋಟ, ಹಳ್ಳ ದಾಟಬೇಕು. ಓರಗೆಯ ಮಕ್ಕಳು ಸಿಗುವುದೇ ಅಪರೂಪ. ಜೂನ್ ಹಿಡಿದರೆ ಆಗುಂಬೆ, ಹುಲಿಕಲ್ ಸುತ್ತಿನಲ್ಲಿ ಮಗುವನ್ನು ಅಂಗಳಕ್ಕೆ ಬಿಡುವಂತಿಲ್ಲ. ಪಾಚಿಗಟ್ಟಿದ ಕಲ್ಲು, ಉಂಬಳ, ಬಾಯಿಮಟ್ಟ ತುಂಬಿದ ಬಾವಿ ಎಲ್ಲವೂ ಅಲ್ಲೇ ಇರುತ್ತವೆ. ಮಳೆ ಜೋರಾದಾಗ ಜಿಲ್ಲಾಡಳಿತ ಶಾಲೆಗಳ ಜೊತೆಗೆ ಅಂಗನವಾಡಿಗೂ ರಜೆ ಕೊಡುತ್ತದೆ. ಮಳೆ ಮುಗಿಯಿತು ಎನ್ನುವಷ್ಟರಲ್ಲಿ ಅಡಿಕೆ ಕೊಯ್ಲು ಶುರುವಾಗಿ, ಮನೆಯಲ್ಲಿರುವ ಹೆಂಗಸರೆಲ್ಲ ತಡರಾತ್ರಿವರೆಗೆ ಸುಲಿಯಲು ಕೂರುತ್ತಾರೆ. ಹಿಂದಿನವರು ಇದನ್ನೆಲ್ಲ ಸಲೀಸಾಗಿ ನಿಭಾಯಿಸಿದರೆಂದು ಹೇಳುವುದೂ ಪೂರ್ತಿ ನಿಜವಲ್ಲ. ಮಗುವಿನ ಸೊಂಟಕ್ಕೆ ಹಳೆಯ ಸೀರೆ ಬಿಗಿದು, ಅದರ ಇನ್ನೊಂದು ತುದಿಯನ್ನು ಜಗಲಿಯ ಕಂಬಕ್ಕೆ ಕಟ್ಟಿ ನಾಟಿಗೆ ಹೋದ ತಾಯಂದಿರನ್ನು ನಾನೇ ಕಂಡಿದ್ದೇನೆ. ಆ ಕಂಬದ ಜಾಗಕ್ಕೆ ಇಂದು ಮೊಬೈಲ್ ಬಂದಿದೆ. ಹಾಗಾಗಿ ಮೊಬೈಲ್ ಕೊಡುವ ತಾಯಿಯನ್ನು ಸೋಮಾರಿಯೆಂದು ದೂರುವವರ ಜೊತೆ ನಾನಿಲ್ಲ.

ಆದರೆ ಅದರ ಪರಿಣಾಮ ಕಣ್ಣಿಗೆ ಕಾಣುವಂತಿದೆ. ಕಳೆದ ಸುಗ್ಗಿಯಲ್ಲಿ ಪರಿಚಯದವರೊಬ್ಬರ ಮನೆಯ ಅಡಿಕೆ ಚಪ್ಪರದಲ್ಲಿ ಎರಡು ವರ್ಷ ದಾಟಿದ ಗಂಡು ಮಗುವೊಂದನ್ನು ನೋಡಿದೆ. ತಾಯಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತಿದ್ದರು, ಅಜ್ಜಿ ಅನ್ನ ಕಲಸಿಕೊಂಡು ಬಂದಿದ್ದರು, ಮೊಬೈಲನ್ನು ಚೊಂಬಿಗೆ ಒರಗಿಸಿ ನಿಲ್ಲಿಸಿತ್ತು. ತುತ್ತು ಹತ್ತಿರ ಬಂದಾಗ ಮಗುವಿನ ಬಾಯಿ ತಾನಾಗಿ ತೆರೆಯುತ್ತಿತ್ತು, ಕಣ್ಣು ಮಾತ್ರ ಅಜ್ಜಿಯ ಕಡೆ ಒಮ್ಮೆಯೂ ತಿರುಗಲಿಲ್ಲ. ಜಾಹೀರಾತು ಬಂದಾಗ ಅದನ್ನು ದಾಟಿಸಲು ಎಲ್ಲಿ ಒತ್ತಬೇಕೆಂಬುದು ಅದಕ್ಕೆ ಗೊತ್ತಿತ್ತು. ರೆಡ್, ಬ್ಲೂ, ಯೆಲ್ಲೋ ಎಂದು ಬಣ್ಣಗಳ ಹೆಸರನ್ನೂ ಒಪ್ಪಿಸಿತು. ಮನೆಯವರಿಗೆ ಅದೊಂದು ಹೆಮ್ಮೆ. ಸ್ವಲ್ಪ ಹೊತ್ತಿಗೆ ಅದಕ್ಕೆ ಬಾಯಾರಿತು. ನೀರು ಬೇಕೆಂದು ಹೇಳಲು ಬಾರದೆ ಅಜ್ಜಿಯ ಕೈ ಹಿಡಿದು ಕೊಡಪಾನದ ಕಡೆಗೆ ಎಳೆಯತೊಡಗಿತು. ಬಣ್ಣದ ಹೆಸರು ಬಂದಿದ್ದನ್ನು ಎಲ್ಲರೂ ಗಮನಿಸಿದ್ದರು, ಕೇಳಿ ಪಡೆಯುವ ಮಾತು ಬಾರದಿದ್ದುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಈ ಬೆಳವಣಿಗೆಗೆ ಆಹಾರ, ನಿದ್ರೆಗಳಷ್ಟೇ ಮುಖ್ಯವಾದದ್ದು ಮಗು ಒಂದು ಸದ್ದು ಮಾಡಿದಾಗ ಎದುರಿದ್ದವರು ಅದಕ್ಕೆ ಓಗೊಡುವುದು, ಬೆರಳು ತೋರಿಸಿದಾಗ ಅತ್ತ ನೋಡಿ ಅದರ ಹೆಸರು ಹೇಳುವುದು, ಮಗು ಮತ್ತೆ ಏನಾದರೂ ಅನ್ನುವವರೆಗೆ ಕಾಯುವುದು. ಅಮೆರಿಕದ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಇಂಗ್ಲಿಷ್ ಮಾತನಾಡುವ ಮನೆಗಳ ಒಂಬತ್ತು ತಿಂಗಳ ಶಿಶುಗಳಿಗೆ ಅವರು ಚೀನಾದ ಮ್ಯಾಂಡರಿನ್ ಭಾಷೆಯನ್ನು ಕೇಳಿಸಿದರು. ಎದುರಿಗೆ ಕೂತು ಆಟವಾಡಿಸುತ್ತ, ಪುಸ್ತಕ ಓದುತ್ತ ಮಾತನಾಡಿದಾಗ ಶಿಶುಗಳು ಆ ಭಾಷೆಯ ಧ್ವನಿಗಳ ವ್ಯತ್ಯಾಸವನ್ನು ಗುರುತಿಸಲು ಕಲಿತವು. ಅದೇ ಮಾತುಗಳನ್ನು ಪರದೆಯ ಮೇಲೆ ತೋರಿಸಿದಾಗ ಕಲಿಯಲಿಲ್ಲ. ಪರದೆಯಲ್ಲಿರುವವರು ಎಷ್ಟೇ ಸೊಗಸಾಗಿ ಹಾಡಿದರೂ ಮಗುವಿನ ಸದ್ದಿಗೆ ಉತ್ತರ ಕೊಡುವುದಿಲ್ಲ.

ಜಪಾನಿನಲ್ಲಿ 7,097 ಮಕ್ಕಳನ್ನು ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೂ, ಒಂದು ವರ್ಷದ ವಯಸ್ಸಿನಲ್ಲಿ ಪರದೆ ನೋಡುವ ಅವಧಿ ಹೆಚ್ಚಿದಷ್ಟೂ ಎರಡು ಮತ್ತು ನಾಲ್ಕನೇ ವರ್ಷಗಳಲ್ಲಿ ಸಂವಹನ ಕೌಶಲ ಹಿಂದೆ ಬೀಳುವ ಸಂಭವ ಹೆಚ್ಚಿದ್ದುದನ್ನು ತೋರಿಸಿದೆ. ಇಂಥ ಅಧ್ಯಯನಗಳಿಂದ ಮೊಬೈಲೇ ಏಕೈಕ ಕಾರಣವೆಂದು ಹೇಳಲಾಗದು. ಮಾತು ತಡವಾದ ಮಗುವನ್ನು ಸುಮ್ಮನಿರಿಸುವುದು ಕಷ್ಟವಾಗಿ ಅದಕ್ಕೇ ಹೆಚ್ಚು ಮೊಬೈಲ್ ಕೊಟ್ಟಿರಲೂಬಹುದು. ಮೊಬೈಲ್ ನೋಡಿದರೆ ಆಟಿಸಂ ಬರುತ್ತದೆಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಮಾತನ್ನಂತೂ ನಂಬಬಾರದು. ಅದನ್ನು ನಂಬಿ, ಮೊಬೈಲ್ ಕಿತ್ತುಕೊಂಡರೆ ಎಲ್ಲ ಸರಿಹೋಗುತ್ತದೆಂದು ತಿಂಗಳುಗಟ್ಟಲೆ ಕಾದು, ತಜ್ಞರ ಬಳಿಗೆ ಹೋಗಬೇಕಾದ ಕಾಲವನ್ನು ಕಳೆದುಕೊಂಡ ಮನೆಗಳಿವೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಸಲ್ಲದು; ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯೂ ಹೆಚ್ಚುಕಡಿಮೆ ಇದೇ ಆಗಿದ್ದು, ದೂರದಲ್ಲಿರುವ ಬಂಧುಗಳೊಂದಿಗೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕರೆ ಮಾಡುವುದಕ್ಕೆ ಮಾತ್ರ ಅದು ವಿನಾಯಿತಿ ನೀಡಿದೆ. ಮಕ್ಕಳು ಮೊಮ್ಮಕ್ಕಳೆಲ್ಲ ಬೆಂಗಳೂರು ಸೇರಿ ಹಿರಿಯರಷ್ಟೇ ಉಳಿದಿರುವ ನಮ್ಮ ಮನೆಗಳಿಗೆ ಇದು ಸಮಾಧಾನದ ಸಂಗತಿ. ಅಜ್ಜ ಕರೆದರೆ ಮಗು ನಗುತ್ತದೆ, ಮಗು ನಕ್ಕರೆ ಅಜ್ಜ ಮತ್ತೆ ಏನೋ ಹೇಳುತ್ತಾರೆ; ಕಾರ್ಟೂನಿನಲ್ಲಿ ಹೀಗಾಗುವುದಿಲ್ಲ. ಇದೇ ಕಾರಣಕ್ಕೆ, ಯಾರೂ ನೋಡದಿದ್ದರೂ ದಿನವಿಡೀ ಜಗಲಿಯಲ್ಲಿ ಧಾರಾವಾಹಿ ಓಡುತ್ತಿರುವ ಟಿ.ವಿ.ಯೂ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ರೀಲ್ಸ್ ನೋಡುವ ಅಪ್ಪನೂ ಈ ಲೆಕ್ಕಕ್ಕೆ ಸೇರಬೇಕು. ಉಪದೇಶವೆಲ್ಲ ತಾಯಿಯ ಪಾಲಿಗೇ ಏಕೆ ಬರುತ್ತದೆಂಬುದನ್ನು ಗಂಡಸರು ಯೋಚಿಸಲಿ.

ಈಗ ನನ್ನ ಸಲಹೆ. ಇದಕ್ಕಾಗಿ ಹೊಸ ಯೋಜನೆಯಾಗಲಿ, ಹೊಸ ಜಾಗೃತಿ ಜಾಥಾ ಆಗಲಿ ಬೇಡ. ತೀರಾ ಒಳಗಿನ ಹಳ್ಳಿಯ ತಾಯಿಯೂ ಲಸಿಕೆಗಾಗಿ ಮಗುವನ್ನು ಕರೆತರುತ್ತಾಳೆ. ಒಂಬತ್ತು ತಿಂಗಳು ತುಂಬಿದಾಗ ದಡಾರ–ರುಬೆಲ್ಲಾ ಲಸಿಕೆಗೆ, 16ರಿಂದ 24 ತಿಂಗಳ ನಡುವೆ ಅದರ ಎರಡನೇ ಡೋಸ್‌ಗೆ ಬಂದೇ ಬರುತ್ತಾಳೆ. ತಾಯಿ ಮತ್ತು ಮಗುವಿನ ಆರೋಗ್ಯದ ವಿವರ ಬರೆದಿಡಲು ಅವಳಿಗೆ ಕೊಟ್ಟಿರುವ ತಾಯಿ ಕಾರ್ಡ್‌ನಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡಬೇಕು ಎಂಬುದರ ಚಿತ್ರಗಳಿವೆ. ನಾನು ಕಂಡಂತೆ ಹೆಚ್ಚಿನ ಕಡೆ ಲಸಿಕೆಯ ದಿನಾಂಕ ಬರೆದು ಕಾರ್ಡ್ ಮಡಚಿ ಕೊಡಲಾಗುತ್ತದೆಯೇ ಹೊರತು ಆ ಪುಟ ತೆರೆಯುವುದೇ ಇಲ್ಲ. ಚುಚ್ಚುಮದ್ದು ಹಾಕಿದ ಬಳಿಕ ಮಗುವಿಗೆ ಏನೂ ತೊಂದರೆಯಾಗದಿರಲೆಂದು ಅರ್ಧ ಗಂಟೆ ಅಲ್ಲಿಯೇ ಕೂರಿಸಿಕೊಳ್ಳುತ್ತಾರಲ್ಲ, ಆ ಹೊತ್ತಿನಲ್ಲಿ ಆರೋಗ್ಯ ಸಹಾಯಕಿಯರು ಆ ಪುಟ ತೆರೆದು, ಕರೆದರೆ ತಿರುಗುತ್ತದೆಯೇ, ಬೆರಳು ತೋರಿಸುತ್ತದೆಯೇ, ಊಟಕ್ಕೆ ಮೊಬೈಲ್ ಬೇಕಾಗುತ್ತದೆಯೇ ಎಂದು ಕೇಳಿದರೆ ಸಾಕು. 3, 6, 9, 12 ಮತ್ತು 15ನೇ ತಿಂಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಗೇ ಹೋಗಿ ಮಗುವನ್ನು ನೋಡಿ ಬರುವ ವ್ಯವಸ್ಥೆಯೂ ಇದೆ. ಅಲ್ಲಿ ಅಜ್ಜಿ, ಅಪ್ಪ ಎಲ್ಲರೂ ಎದುರಿಗೆ ಸಿಗುತ್ತಾರಾದ್ದರಿಂದ ಮಾತು ತಾಯಿಯೊಬ್ಬಳ ಮೇಲೆ ಬೀಳುವುದಿಲ್ಲ.

ಮಾತು ತಡವಾಗಿದೆ ಎನಿಸಿದರೆ ಕಾಯಬೇಕಾಗಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೆ ಬರಬೇಕೆಂಬ ನಿಯಮವಿದ್ದು, ಬೆಳವಣಿಗೆಯ ವಿಳಂಬವನ್ನು ಗುರುತಿಸುವುದು ಅವರ ಕೆಲಸಗಳಲ್ಲೊಂದು. ಮೊದಲು ಕಿವಿ ಪರೀಕ್ಷೆ ಆಗಲೇಬೇಕು. ಮೊಬೈಲಿನ ಗುಂಗಿನಲ್ಲಿ ಕರೆದರೂ ತಿರುಗುತ್ತಿಲ್ಲ ಎಂದುಕೊಂಡ ಮಗುವಿಗೆ ಕಿವಿಯೇ ಕೇಳಿಸದಿರಬಹುದು. ಹೆಚ್ಚಿನ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಅಂಗನವಾಡಿಗಳ ಬಗ್ಗೆಯೂ ಒಂದು ಮಾತು. ಸಕ್ಷಮ್ ಅಂಗನವಾಡಿ ಯೋಜನೆಯಲ್ಲಿ ಮೇಲ್ದರ್ಜೆಗೇರುವ ಕೇಂದ್ರಗಳಿಗೆ ಎಲ್‌ಇಡಿ ಪರದೆಯನ್ನೂ ಸರ್ಕಾರ ಕೊಡುತ್ತಿದೆ. ಮನೆಯಲ್ಲಿ ಬೇಡವೆಂದು ಹೇಳಿಸಿಕೊಂಡ ಪರದೆ ಕೇಂದ್ರದಲ್ಲಿ ದೊಡ್ಡದಾಗಿ ಕಾಣಿಸಿದರೆ ತಾಯಂದಿರು ಯಾವುದನ್ನು ನಂಬಬೇಕು? ಶಿಕ್ಷಕಿ ಪಕ್ಕದಲ್ಲಿ ನಿಂತು ಚಿತ್ರ ತೋರಿಸಿ ಮಾತನಾಡಿಸಿದರೆ ತಕರಾರಿಲ್ಲ. ಆದರೆ ಆಕೆ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಹಾಜರಿ, ತೂಕ, ಎತ್ತರ ತುಂಬಿಸುತ್ತ, ನೆಟ್‌ವರ್ಕ್‌ಗಾಗಿ ಬಾಗಿಲಾಚೆ ನಿಲ್ಲಬೇಕಾಗಿ ಬಂದಾಗ ಪರದೆ ಮಕ್ಕಳನ್ನು ಸುಮ್ಮನಿರಿಸುವ ಸಾಧನವಾಗಿಬಿಡುತ್ತದೆ. ಹಾಡು, ಕಥೆ, ಮರಳು, ಅಡಿಕೆ ಹಾಳೆಯ ಆಟ ಇವುಗಳಿಗೆ ಆಕೆಗೆ ಬಿಡುವು ಸಿಗಬೇಕಾದರೆ ದಾಖಲೆಯ ಹೊರೆ ಇಳಿಯಬೇಕು.

ಮಳೆಯ ರಜೆಯ ದಿನಗಳಿಗೂ ಏನಾದರೂ ಏರ್ಪಾಡು ಸಾಧ್ಯವಿದೆ. ಕೇಂದ್ರಗಳ ಕಪಾಟಿನಲ್ಲಿ ಬೀಗ ಹಾಕಿಟ್ಟಿರುವ ಚಿತ್ರಪುಸ್ತಕ, ಮರದ ಆಟಿಕೆಗಳನ್ನು ಜೂನ್ ಮೊದಲ ವಾರದಲ್ಲೇ ಸರದಿಯಂತೆ ಮನೆಗಳಿಗೆ ಕೊಡಬಹುದು. ಹರಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆಂಬ ಭಯದಿಂದ ಕಾರ್ಯಕರ್ತೆಯರು ಅವನ್ನು ಹೊರಗೆ ತೆಗೆಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಶಿವಮೊಗ್ಗ ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಅಂಥ ಹಾನಿಗೆ ಕಾರ್ಯಕರ್ತೆಯರನ್ನು ಹೊಣೆ ಮಾಡುವುದಿಲ್ಲವೆಂದು ಒಂದು ಸುತ್ತೋಲೆ ಹೊರಡಿಸಬೇಕು ಮತ್ತು ಆರೋಗ್ಯ ಇಲಾಖೆಯು ಲಸಿಕೆಯ ದಿನದ ಕೆಲಸಗಳಲ್ಲಿ ತಾಯಿ ಕಾರ್ಡಿನ ಆ ಪುಟವನ್ನೂ ಸೇರಿಸಬೇಕು. ಮುಂಗಾರು ಪೂರ್ವಸಿದ್ಧತಾ ಸಭೆಯಲ್ಲೇ ಜಿಲ್ಲಾಧಿಕಾರಿಗಳು ಎರಡೂ ಇಲಾಖೆಗಳಿಗೆ ಈ ಬಗ್ಗೆ ಸೂಚನೆ ನೀಡಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ