ಸುರಬಾಯದ ಹಸಿರು ಅಂಗಿ

ಸುರಬಾಯ, ಇಂಡೋನೇಷ್ಯಾ

ಪ್ರೀತಿಯ ಅಪ್ಪ, ಅಮ್ಮ ಮತ್ತು ತಮ್ಮನಿಗೆ,

ನಾನಿಲ್ಲಿ ಆರಾಮಾಗಿದ್ದೇನೆ. ಮಳೆ ಶುರುವಾಗಿದೆ, ಸೆಕೆ ಮಾತ್ರ ಇನ್ನೂ ಬಿಟ್ಟಿಲ್ಲ. ಫೋನ್ ಮಾಡಿದಾಗಲೆಲ್ಲ ಅಮ್ಮ ಒಂದೇ ಮಾತು ಹೇಳುತ್ತಾಳೆ, ಆ ಫುಟ್ಬಾಲ್ ಮ್ಯಾಚಿಗೆ ಹೋಗಬೇಡ ಅಂತ. 2025ರ ಜೂನ್ 4ರಂದು ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ಸತ್ತ ಮೇಲಂತೂ ಅವಳ ಭಯ ಜಾಸ್ತಿಯಾಗಿದೆ. ಆ ಭಯ ಸುಳ್ಳಲ್ಲ. ಆದರೆ ನಾನು ಯಾಕೆ ಹೋಗುತ್ತೇನೆ ಅನ್ನುವುದನ್ನು ಫೋನಿನಲ್ಲಿ ಹೇಳಿ ಮುಗಿಸೋಕೆ ಆಗುವುದಿಲ್ಲ. ಅದಕ್ಕೇ ಈ ಉದ್ದನೆಯ ಪತ್ರ.

ಈ ಊರಿನ ತಂಡದ ಹೆಸರು ಪೆರ್ಸೆಬಾಯ. ಹಸಿರು ಅಂಗಿ. ಹಸಿರು ಮೊಸಳೆ ಅಂತ ಜನ ಪ್ರೀತಿಯಿಂದ ಕರೆಯುತ್ತಾರೆ. ಹುಟ್ಟಿದ್ದು 1927ರ ಜೂನ್ 18ರಂದು. ಆಗ ಇಲ್ಲಿ ಡಚ್ಚರ ಆಳ್ವಿಕೆ. ಡಚ್ಚರಿಗೆ ಅವರದೇ ಫುಟ್ಬಾಲ್ ಸಂಘ ಇತ್ತು. ಪಾಯ್ಜೊ ಮತ್ತು ಪಮುಜಿ ಎಂಬ ಇಬ್ಬರು ಸೇರಿ ಸ್ಥಳೀಯರಿಗಾಗಿ ಬೇರೆಯೇ ಸಂಘ ಕಟ್ಟಿದರು. ಅದರ ಹೆಸರಿನಲ್ಲೇ 'ಇಂಡೋನೇಷ್ಯಾ' ಇತ್ತು, ಆ ಹೆಸರಿನ ದೇಶ ಹುಟ್ಟುವುದಕ್ಕೆ 18 ವರ್ಷ ಮೊದಲೇ! 1930ರ ಏಪ್ರಿಲ್ 19ರಂದು ಜೋಗ್ಯಕಾರ್ತದಲ್ಲಿ ಏಳು ಊರುಗಳ ಸಂಘಗಳು ಕೂಡಿ ರಾಷ್ಟ್ರೀಯ ಫುಟ್ಬಾಲ್ ಒಕ್ಕೂಟವಾದ ಪಿಎಸ್‌ಎಸ್‌ಐ ಕಟ್ಟಿದವು. ಆ ಏಳರಲ್ಲಿ ಸುರಬಾಯವೂ ಒಂದು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಒಕ್ಕೂಟ ತನ್ನನ್ನು ಕಟ್ಟಿದವರಿಗೇ ಬಾಗಿಲು ಹಾಕಿತು.

ಅಪ್ಪ, ನಿಮಗೆ ಇನ್ನೊಂದು ವಿಷಯ ಹೇಳಬೇಕು. ತಂಡದ ಹಳೆಯ ಮೈದಾನ ತಂಬಕ್‌ಸಾರಿ ಎಂಬಲ್ಲಿದೆ. ಅದರ ಹೆಸರು ಗೆಲೋರಾ 10 ನವೆಂಬರ್. 1945ರಲ್ಲಿ ಅದೇ ತಾರೀಖಿಗೆ ಬ್ರಿಟಿಷರು ಈ ಊರಿನ ಮೇಲೆ ಭಾರೀ ದಾಳಿ ಶುರುಮಾಡಿದರು. ಅದಕ್ಕೆ ಎರಡು ವಾರ ಮೊದಲು ಇಲ್ಲಿ ಇಳಿದಿದ್ದು ಬ್ರಿಟಿಷರ ಕೈಕೆಳಗಿನ 49ನೇ ಭಾರತೀಯ ಬ್ರಿಗೇಡ್. ಅದರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೈನಿಕರಿದ್ದರು. ಹೌದು, ನಮ್ಮ ಬೆಳಗಾವಿಯಲ್ಲಿ ಕೇಂದ್ರ ಇರುವ ಅದೇ ರೆಜಿಮೆಂಟ್. ಬೆಳಗ್ಗೆ ಕ್ಯಾಂಪಿನ ರಸ್ತೆಯಲ್ಲಿ ಅವರು ಓಡುವುದನ್ನು ನೋಡುತ್ತಲೇ ನಾವು ಬೆಳೆದವರಲ್ವಾ? ನಮ್ಮ ಜನ ಯಾರದೋ ಆಜ್ಞೆಗೆ ಕಟ್ಟುಬಿದ್ದು ಬಂದು, ಸ್ವಾತಂತ್ರ್ಯ ಕೇಳುತ್ತಿದ್ದ ಇನ್ನೊಂದು ಊರಿನ ಬೀದಿಗಳಲ್ಲಿ ಹೋರಾಡಿ ಸತ್ತರು. ಊರವರು ಸಾವಿರಾರು ಮಂದಿ ಸತ್ತರು. ನಾನು ಭಾರತದವನು ಅಂದಾಗ ಇಲ್ಲಿ ಯಾರೂ ಆ ಹಳೆಯದನ್ನು ಎತ್ತಿ ಆಡಲಿಲ್ಲ. ಆದರೂ ನನಗೆ ಅದು ಮನಸ್ಸಿಗೆ ನಾಟಿದೆ. ನಮ್ಮ ಓಣಿಯ ಹಳೆಯ ಸೈನಿಕರ ಮನೆಗಳಲ್ಲಿ ಯಾರ ಅಜ್ಜನಾದರೂ ಸುರಬಾಯಕ್ಕೆ ಬಂದಿದ್ದರೇನೋ, ಸ್ವಲ್ಪ ವಿಚಾರಿಸಿ ಬರೆಯಿರಿ.

ಇನ್ನು ಆಟದ ವಿಷಯ. ಪೆರ್ಸೆಬಾಯ 1978ರಲ್ಲಿ, 1988ರಲ್ಲಿ, 1997ರಲ್ಲಿ, 2004ರಲ್ಲಿ ದೇಶದ ಚಾಂಪಿಯನ್ ಆಗಿದೆ. ಐವತ್ತರ ದಶಕದ ಮೊದಲಲ್ಲೂ ಗೆದ್ದಿತ್ತು. 2004ರದ್ದನ್ನು ಇಲ್ಲಿನವರು ಈಗಲೂ ಬಾಯಿತುಂಬ ಹೇಳುತ್ತಾರೆ. ಕೊನೆಯ ದಿನ, ತಂಬಕ್‌ಸಾರಿಯಲ್ಲೇ, ಜಕಾರ್ತದ ಪೆರ್ಸಿಜಾ ಎದುರು 2-1. ಕೋಚ್ ಆಗಿದ್ದವನು ಬ್ರೆಜಿಲ್‌ನ ಜಾಕ್ಸನ್ ತಿಯಾಗೊ. 1997ರಲ್ಲಿ ಇದೇ ತಂಡಕ್ಕೆ ಗೋಲು ಹೊಡೆದು ಕಪ್ ತಂದವನೂ ಅವನೇ.

1988ರ ಕಪ್ ಬಗ್ಗೆ ಮಾತ್ರ ನನಗೆ ಸಮಾಧಾನವಿಲ್ಲ. ಹಿಂದಿನ ವರ್ಷ ಫೈನಲ್‌ನಲ್ಲಿ ಸೆಮರಾಂಗ್ ತಂಡ ಇವರನ್ನು ಸೋಲಿಸಿತ್ತು. ಆ ಸಲ ಸೆಮರಾಂಗ್ ಮುಂದೆ ಬರಬಾರದು, ಅದರ ಬದಲು ಪೆರ್ಸಿಪುರ ಬರಲಿ ಅಂತ, ತಮ್ಮ ಜಾಗ ಗಟ್ಟಿಯಾಗಿದ್ದ ಇವರು ಇಲ್ಲಿನ ಪಪುವಾದ ಜಯಪುರ ಊರಿನ ಆ ಪೆರ್ಸಿಪುರ ತಂಡಕ್ಕೆ ಬೇಕೆಂದೇ ಸೋತರು, ಅದೂ 0-12! ಸ್ವಂತ ಮೈದಾನದಲ್ಲಿ, ಸ್ವಂತ ಜನರ ಎದುರಿಗೆ. ಜಾಣತನ ಅಂತ ಸಮರ್ಥಿಸುವವರು ಇಲ್ಲಿದ್ದಾರೆ. ನಾನು ಒಪ್ಪುವುದಿಲ್ಲ. ಟಿಕೆಟ್ ಕೊಂಡು ಬಂದವನಿಗೆ ಮಾಡಿದ ಮೋಸ ಅದು.

ಇವರ ಅಭಿಮಾನಿಗಳಿಗೆ ಬೋನೆಕ್ ಅಂತ ಹೆಸರು. ಜೇಬಿನಲ್ಲಿ ದುಡ್ಡಿಲ್ಲದಿದ್ದರೂ ರೈಲು, ಲಾರಿ ಹತ್ತಿ ಊರೂರಿಗೆ ತಂಡದ ಹಿಂದೆ ಹೋಗುವವರು. ಅವರಿಗೆ ಕೆಟ್ಟ ಹೆಸರೂ ಇತ್ತು. ದಾರಿಯ ಅಂಗಡಿಯಲ್ಲಿ ತಿಂದು ದುಡ್ಡು ಕೊಡದಿರುವುದು, ನಿಲ್ದಾಣಗಳಲ್ಲಿ ಕಲ್ಲು ತೂರಾಟ, ಎಲ್ಲ ನಡೆದಿದೆ. ನನ್ನ ಜೊತೆ ಕೆಲಸ ಮಾಡುವ ಹಿರಿಯರೇ ಅದನ್ನು ಒಪ್ಪುತ್ತಾರೆ. ಆದರೆ ಈ ಕ್ಲಬ್ ಇವತ್ತು ಇರುವುದೇ ಅದೇ ಬೋನೆಕ್‌ಗಳಿಂದ.

ಅದು ಹೀಗಾಯಿತು. 2010ರಲ್ಲಿ ಕೆಡಿರಿ ತಂಡದ ಜೊತೆಗಿನ ಒಂದು ಪಂದ್ಯ ಮತ್ತೆ ಮತ್ತೆ ಮುಂದೆ ಹೋಯಿತು. ಕೊನೆಗೆ ಒಕ್ಕೂಟದವರು ದೂರದ ಪಾಲೆಂಬಾಂಗಿಗೆ ಬಂದು ಆಡಿ ಅಂದರು. ಪೆರ್ಸೆಬಾಯ ಹೋಗಲಿಲ್ಲ. ಸೋತಿರಿ ಅಂತ ಬರೆದು ಕೆಳಗಿನ ಡಿವಿಷನ್‌ಗೆ ತಳ್ಳಿದರು. ಕ್ಲಬ್ ಸಿಟ್ಟಾಗಿ ಒಕ್ಕೂಟದ ಹೊರಗೆ ಶುರುವಾದ ಬೇರೆ ಲೀಗ್ ಸೇರಿತು. ಅಷ್ಟರಲ್ಲಿ ಬೋರ್ನಿಯೊ ದ್ವೀಪದ ಕಾಲಿಮಂತಾನದ ಒಂದು ತಂಡವನ್ನು ಸುರಬಾಯಕ್ಕೆ ತಂದು ಅದಕ್ಕೂ ಪೆರ್ಸೆಬಾಯ ಅಂತಲೇ ಹೆಸರಿಟ್ಟರು. ಒಂದೇ ಊರು, ಒಂದೇ ಹೆಸರು, ಎರಡು ತಂಡ. ಒಕ್ಕೂಟದ ಮಾನ್ಯತೆ ಹೊಸದಕ್ಕೆ, ಜನ ಹಳೆಯದಕ್ಕೆ. ಊರವರು ಆ ಹೊಸ ತಂಡವನ್ನು ತಮ್ಮದು ಅಂತ ಒಪ್ಪಲೇ ಇಲ್ಲ. ಕಣ್ಣೆದುರಿಗೆ ಮೊದಲ ದರ್ಜೆಯ ಫುಟ್ಬಾಲ್ ನಡೆಯುತ್ತಿದ್ದರೂ ಮೈದಾನ ಖಾಲಿ ಬಿಟ್ಟರು. ಇದನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತು.

2013ರ ಹೊತ್ತಿಗೆ ನಿಜವಾದ ಪೆರ್ಸೆಬಾಯಕ್ಕೆ ಆಡಲು ಯಾವ ಲೀಗೂ ಇರಲಿಲ್ಲ. ಪಂದ್ಯವಿಲ್ಲದ ತಂಡಕ್ಕೆ ವರ್ಷಗಟ್ಟಲೆ ಜನ ಬೀದಿಗಿಳಿದರು. ಹೆಸರು, ಲಾಂಛನ ಯಾರದು ಅನ್ನುವ ಜಗಳದಲ್ಲಿ ಹಳೆಯ ಕ್ಲಬ್ಬೇ ಗೆದ್ದಿತು. 2016ರಲ್ಲಿ ಸಾವಿರಾರು ಜನ ಜಕಾರ್ತಕ್ಕೇ ಹೋಗಿ ಕೂತರು. ಕೊನೆಗೆ 2017ರ ಜನವರಿ 8ರಂದು ಬಂಡುಂಗ್‌ನಲ್ಲಿ ನಡೆದ ಒಕ್ಕೂಟದ ಸಭೆ ಪೆರ್ಸೆಬಾಯವನ್ನು ವಾಪಸ್ ಸೇರಿಸಿಕೊಂಡಿತು. ಎರಡನೇ ದರ್ಜೆಯಿಂದ ಶುರು. ಅದೇ ವರ್ಷ ನವೆಂಬರ್ 28ರಂದು ಮೆಡಾನ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 3-2ರಿಂದ ಸೋಲಿಸಿ ಆ ಲೀಗ್ ಗೆದ್ದರು, ಮೇಲೆ ಬಂದರು. 2019ರಲ್ಲಿ ದೇಶಕ್ಕೇ ಎರಡನೆಯವರು. ಆ ಇನ್ನೊಂದು ತಂಡ ಪೊಲೀಸರ ತಂಡದ ಜೊತೆ ಸೇರಿ ಭಯಂಕಾರ ಎಂಬ ಹೆಸರಿನಲ್ಲಿ 2017ರ ಮೊದಲ ದರ್ಜೆಯ ಲೀಗ್ ಗೆದ್ದಿತು. ಆದರೆ ಸುರಬಾಯದಲ್ಲಿ ಅದಕ್ಕಾಗಿ ಯಾರೂ ಪಟಾಕಿ ಹೊಡೆದ ಸುದ್ದಿ ನಾನು ಕೇಳಿಲ್ಲ.

ಈಗ ಅಮ್ಮ ಹೆದರುವ ವಿಷಯ. ಮಲಾಂಗ್ ಇಲ್ಲಿಂದ ಸುಮಾರು 90 ಕಿಲೋಮೀಟರ್. ಅಲ್ಲಿನ ಅರೆಮಾ ತಂಡಕ್ಕೂ ಇವರಿಗೂ ಹಳೆಯ ಹಗೆ. 2022ರ ಅಕ್ಟೋಬರ್ 1ರ ರಾತ್ರಿ ಕಂಜುರುಹಾನ್ ಕ್ರೀಡಾಂಗಣದಲ್ಲಿ ಪೆರ್ಸೆಬಾಯ 3-2ರಿಂದ ಗೆದ್ದಿತು. ಗಲಾಟೆ ಆದೀತೆಂದು ಸುರಬಾಯದ ಅಭಿಮಾನಿಗಳನ್ನು ಅಲ್ಲಿಗೆ ಬಿಟ್ಟಿರಲೇ ಇಲ್ಲ. ಪಂದ್ಯ ಮುಗಿದ ಮೇಲೆ ಅರೆಮಾದ ಕೆಲವರು ಮೈದಾನಕ್ಕೆ ಇಳಿದರು. ಪೊಲೀಸರು ಅಶ್ರುವಾಯು ಹಾರಿಸಿದರು, ಜನ ಕೂತಿದ್ದ ಕಡೆಗೂ. ಕ್ರೀಡಾಂಗಣದೊಳಗೆ ಅಶ್ರುವಾಯು ಬೇಡ ಅಂತ ಫಿಫಾ ನಿಯಮವೇ ಹೇಳುತ್ತದೆ. ಕಣ್ಣು ಕಾಣದೆ, ಉಸಿರು ಸಿಗದೆ ಜನ ಗೇಟುಗಳತ್ತ ಓಡಿದರು. ಕಿರಿದಾದ ಗೇಟುಗಳಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. 135 ಜನ ಸತ್ತರು, ಅವರಲ್ಲಿ ಚಿಕ್ಕ ಮಕ್ಕಳೂ ಇದ್ದರು. ಸತ್ತವರಾರೂ ಎರಡು ಊರಿನ ಹೊಡೆದಾಟದಲ್ಲಿ ಸತ್ತವರಲ್ಲ ಅಮ್ಮ. ಗೆದ್ದ ಊರಿನಲ್ಲಿ ಮೆರವಣಿಗೆ ನಡೆಯಬೇಕಿತ್ತು. ಅದರ ಬದಲು ಬೋನೆಕ್‌ಗಳು ಒಟ್ಟಾಗಿ ಕೂತು ಮಲಾಂಗ್‌ನವರಿಗಾಗಿ ಪ್ರಾರ್ಥನೆ ಮಾಡಿದರು.

ಈಗ ಪಂದ್ಯಗಳು ಹೆಚ್ಚಾಗಿ ಊರಾಚೆಯ ಗೆಲೋರಾ ಬುಂಗ್ ತೋಮೊ ಎಂಬ ದೊಡ್ಡ ಕ್ರೀಡಾಂಗಣದಲ್ಲಿ. ನಾನು ಸ್ನೇಹಿತರ ಜೊತೆಗೇ ಹೋಗುತ್ತೇನೆ, ಗೇಟಿಗೆ ಹತ್ತಿರದಲ್ಲೇ ಕೂರುತ್ತೇನೆ, ಮುಗಿದ ತಕ್ಷಣ ನುಗ್ಗದೆ ಜನ ಕರಗುವವರೆಗೆ ಕಾಯುತ್ತೇನೆ. ಅರೆಮಾ ಪಂದ್ಯಕ್ಕೆ ಮಲಾಂಗಿಗೆ ಹೋಗುವುದಿಲ್ಲ. ಇದಿಷ್ಟು ಅಮ್ಮನಿಗೆ ಮಾತು ಕೊಡುತ್ತೇನೆ.

ತಮ್ಮಾ, ನೀನು ಡಿಫೆಂಡರ್ ಅಲ್ವಾ, ಬೆಜೊ ಸುಗಿಯಾಂತೊರೊ ಆಡಿದ್ದನ್ನು ಹುಡುಕಿ ನೋಡು. 1997ರಲ್ಲೂ 2004ರಲ್ಲೂ ಕಪ್ ಗೆದ್ದವನು. 2025ರ ಫೆಬ್ರುವರಿಯಲ್ಲಿ ಆಡುತ್ತಿರುವಾಗಲೇ ಕುಸಿದು ತೀರಿಕೊಂಡ. ಅವನ ಮಗ ರಹ್ಮತ್ ಇರಿಯಾಂತೊ ಕೂಡ ಹಸಿರು ಅಂಗಿಯಲ್ಲೇ ಆಡಿದವನು. ನಿನಗೊಂದು ಜೆರ್ಸಿ ಕೊಳ್ಳಬೇಕು ಅಂದುಕೊಂಡಿದ್ದೇನೆ. ಅಳತೆ ಬರೆದು ಕಳಿಸು. ನಂಬರ್ ಯಾವುದು ಬೇಕು ಅಂತಲೂ ಹೇಳು. 19 ಮಾತ್ರ ಕೇಳಬೇಡ. ಅದು ಎರಿ ಇರಿಯಾಂತೊನದು. 2000ದ ಏಪ್ರಿಲ್‌ನಲ್ಲಿ ತಂಬಕ್‌ಸಾರಿಯಲ್ಲಿ ಪಂದ್ಯದ ನಡುವೆ ಕುಸಿದು, ಅವತ್ತೇ ರಾತ್ರಿ ಹೋಗಿಬಿಟ್ಟ. ಆಮೇಲೆ ಕ್ಲಬ್ ಆ ನಂಬರನ್ನು ಯಾರಿಗೂ ಕೊಡದೆ ತೆಗೆದಿಟ್ಟಿತು.

ಇಂತಿ ನಿಮ್ಮ ಮಗ