ಎಸ್ಸೆಸ್ಸೆಲ್ಸಿ ಆದಮೇಲೆ ಚಿಪ್ ಕಡೆಗೂ ದಾರಿ ಇದೆ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಮುಂದಿನ ಶನಿವಾರದಿಂದ 9 ಮತ್ತು 10ನೇ ತರಗತಿ ಮಕ್ಕಳಿಗೆ ಸೆಮಿಕಂಡಕ್ಟರ್ (ಅರೆವಾಹಕ), ಅಂದರೆ ಚಿಪ್ ತಯಾರಿಸುವ ವಸ್ತುವಿನ ಬಗ್ಗೆ ಪರಿಚಯ ತರಗತಿ ಶುರು ಮಾಡುತ್ತಿದ್ದೇವೆ. ನಮ್ಮ ವಿಜ್ಞಾನ ಶಿಕ್ಷಕರೇ ಪಾಠ ಮಾಡುತ್ತಾರೆ. ಹತ್ತಿರದ ಪಾಲಿಟೆಕ್ನಿಕ್‌ನ ಎಲೆಕ್ಟ್ರಾನಿಕ್ಸ್ ಲ್ಯಾಬಿಗೂ ಕರೆದುಕೊಂಡು ಹೋಗುತ್ತೇವೆ. ಫೀಸಿಲ್ಲ, ಪರೀಕ್ಷೆಯೂ ಇಲ್ಲ. "ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಇದೆಲ್ಲ ಯಾಕೆ ಸಾರ್?" ಅಂತ ಕೆಲವರು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ.

ಮೊಬೈಲ್, ಟಿವಿ, ಕರೆಂಟ್ ಮೀಟರ್, ಹೊಸ ಸ್ಕೂಟರ್ ಎಲ್ಲದರೊಳಗೂ ಚಿಪ್ ಇದೆ. ಚಿಪ್ ಆಗುವುದು ಸಿಲಿಕಾನ್ ಎಂಬ ಅರೆವಾಹಕದಿಂದ. ಶುದ್ಧ ಸಿಲಿಕಾನ್‌ನಲ್ಲಿ ಕರೆಂಟ್ ಸಲೀಸಾಗಿ ಹರಿಯುವುದಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದಕ್ಕೆ ಚೂರೇ ಚೂರು ರಂಜಕವನ್ನೋ ಬೋರಾನನ್ನೋ ಸೇರಿಸಿದರೆ ಗುಣವೇ ಬದಲಾಗುತ್ತದೆ. ಯಾವುದನ್ನು ಎಲ್ಲಿ ಎಷ್ಟು ಸೇರಿಸಬೇಕು ಎಂಬ ಲೆಕ್ಕದಲ್ಲಿ ಟ್ರಾನ್ಸಿಸ್ಟರ್, ಅಂದರೆ ಕರೆಂಟನ್ನು ಬಿಡುವ, ತಡೆಯುವ ಪುಟಾಣಿ ಸ್ವಿಚ್ ಹುಟ್ಟುತ್ತದೆ. ಉಗುರಿನಗಲದ ಚಿಪ್ಪಿನಲ್ಲಿ ಅಂಥವು ಕೋಟಿಗಟ್ಟಲೆ ಇರುತ್ತವೆ. ಒಂದು ಧೂಳಿನ ಕಣ ಕೂತರೂ ಕೆಲಸ ಕೆಟ್ಟಿತು. ಅದಕ್ಕೇ ಕಾರ್ಖಾನೆಯಲ್ಲಿ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡು ಕೆಲಸ ಮಾಡುತ್ತಾರೆ. ಮಕ್ಕಳಿಗೆ ಈ ಭಾಗ ತುಂಬಾ ಹಿಡಿಸುತ್ತದೆ ಅನ್ನುವುದು ನನ್ನ ನಂಬಿಕೆ.

ಈಗ ಕೆಲಸದ ಮಾತು. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿದ್ದು 1985ರಲ್ಲಿ. ಆಮೇಲೆ ಇಂಟೆಲ್, ಕ್ವಾಲ್‌ಕಾಮ್‌ನಂಥವರೂ ಬಂದರು. ಚಿಪ್ಪಿನ ನಕ್ಷೆ ಮಾಡುವ, ಅದು ಸರಿ ಇದೆಯಾ ಅಂತ ಪರೀಕ್ಷಿಸುವ ಕೆಲಸ ನಮ್ಮ ರಾಜ್ಯದಲ್ಲಿ ಜಾಸ್ತಿ. ಆದರೆ ದೊಡ್ಡ ಕಾರ್ಖಾನೆಗಳು ಗುಜರಾತಿನ ಸಾಣಂದ್, ಧೊಲೇರಾ, ಅಸ್ಸಾಮಿನ ಜಾಗಿರೋಡ್ ಕಡೆ ಏಳುತ್ತಿವೆ. ಮೈಸೂರಿನ ಕೇನ್ಸ್ ಕಂಪನಿ ಕೂಡ ತನ್ನ ಚಿಪ್ ಘಟಕಕ್ಕೆ ಸಾಣಂದ್ ಅನ್ನೇ ಆರಿಸಿಕೊಂಡಿತು. ಅಂದರೆ ಕಾರ್ಖಾನೆ ಕೆಲಸ ಬೇಕೆಂದರೆ ಮಗ, ಮಗಳು ಸದ್ಯಕ್ಕೆ ದೂರದ ಊರಿಗೆ ಹೋಗಬೇಕಾಗಬಹುದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇದೆಲ್ಲ ರ‍್ಯಾಂಕ್ ಬರುವವರಿಗೆ, ಐಐಟಿಗೆ ಹೋಗುವವರಿಗೆ ಅಂದುಕೊಳ್ಳಬೇಡಿ. ನಕ್ಷೆ ಮಾಡುವವರಿಗೆ ಬಿಇ ಬೇಕು, ನಿಜ. ಯಂತ್ರ ನೋಡಿಕೊಳ್ಳುವವರು, ಟೆಸ್ಟಿಂಗ್, ಪ್ಯಾಕೇಜಿಂಗ್ (ಚಿಪ್ಪಿಗೆ ರಕ್ಷಣೆಯ ಹೊದಿಕೆ ಹಾಕುವ ಕೆಲಸ) ಮಾಡುವವರು ಡಿಪ್ಲೊಮಾ ಓದಿದವರೂ ಆಗಬಹುದು. ಎಸ್ಸೆಸ್ಸೆಲ್ಸಿ ಮುಗಿಸಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮೂರು ವರ್ಷ. ಆಮೇಲೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೂ ಸೇರಬಹುದು. ಡಿಪ್ಲೊಮಾ ಅಂದರೆ ಅಂಕ ಕಡಿಮೆ ಬಂದವರ ಪಾಲಿನದು ಅನ್ನುವ ಮಾತು ನಮ್ಮಲ್ಲಿ ಇನ್ನೂ ಓಡಾಡುತ್ತಿದೆ. ನನಗಂತೂ ಅದು ಒಪ್ಪಿಗೆಯಿಲ್ಲ. ಹೆಣ್ಣುಮಕ್ಕಳನ್ನು ಈ ದಾರಿಯಿಂದ ಹೊರಗಿಡುವುದೂ ಅಷ್ಟೇ. ಪಿಯುಸಿ ವಿಜ್ಞಾನ ತೆಗೆದುಕೊಂಡವರಿಗೆ ಎರಡನೇ ವರ್ಷದ ಭೌತಶಾಸ್ತ್ರದಲ್ಲಿ ಅರೆವಾಹಕಗಳ ಪಾಠವೇ ಇದೆ.

ಒಂದು ಎಚ್ಚರಿಕೆ. "ಹೈಸ್ಕೂಲ್ ಮಕ್ಕಳಿಗೆ ಚಿಪ್ ಕೋರ್ಸ್, ಕೆಲಸ ಗ್ಯಾರಂಟಿ" ಅಂತ ಫೋನಿಗೆ ಜಾಹೀರಾತು ಬಂದರೆ ದಯವಿಟ್ಟು ದುಡ್ಡು ಕಟ್ಟಬೇಡಿ. ಈ ವಯಸ್ಸಿಗೆ ಬೇಕಾದ್ದು ಗಣಿತ, ವಿಜ್ಞಾನದ ಪಾಠ ಚೆನ್ನಾಗಿ ಅರ್ಥವಾಗುವುದು. ಓಮ್‌ನ ನಿಯಮ ಬಾಯಿಪಾಠ ಮಾಡಿ ಮರೆಯುವ ಬದಲು ತಂತಿ, ಬ್ಯಾಟರಿ, ಎಲ್ಇಡಿ ಹಿಡಿದು ಮಾಡಿ ನೋಡಲಿ.

ಮನೆಯಲ್ಲಿ ಕೆಟ್ಟ ರೇಡಿಯೋ, ರಿಮೋಟ್, ಚಾರ್ಜರ್ ಇದ್ದರೆ ಗುಜರಿಗೆ ಹಾಕದೆ ಶನಿವಾರ ಮಕ್ಕಳ ಕೈಯಲ್ಲಿ ಕಳಿಸಿ, ತರಗತಿಯಲ್ಲಿ ಬಿಚ್ಚಿ ನೋಡುತ್ತಾರೆ. ಟಿವಿ ಮಾತ್ರ ಬೇಡ. ಪಾಲಿಟೆಕ್ನಿಕ್ ಭೇಟಿಗೆ ಒಪ್ಪಿಗೆ ಚೀಟಿ ಇದರ ಜೊತೆಗಿದೆ. ಸಹಿ ಮಾಡಿ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ನೀವೂ ಬರುವುದಾದರೆ ಚೀಟಿಯ ಹಿಂದೆ ಬರೆಯಿರಿ, ಬಸ್ಸಿನಲ್ಲಿ ಜಾಗ ನೋಡಿಕೊಳ್ಳುತ್ತೇವೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು